ಎದೆ ಬಗೆಯದೆ

ಆಡಿದ ಮಾತನ್ನು ಎದುರಿನವರು ನಂಬದೆ ಹೋದಾಗ 'ಎದೆ ಬಗೆದು ತೋರಿಸಲೇ?' ಎಂದು ಕೇಳುವುದು ಕನ್ನಡನಾಡಿನಲ್ಲಿ ವಾಡಿಕೆ. ಬಗೆಯುವ ಪ್ರಸಂಗ ಬಾರದೆಂಬುದು ಕೇಳುವವನಿಗೂ ಗೊತ್ತು, ಕೇಳಿಸಿಕೊಳ್ಳುವವನಿಗೂ ಗೊತ್ತು. ನಿಜವಾಗಿ ಬಗೆದು ತೋರಿಸಿದವನು ಹನುಮಂತನೊಬ್ಬನೇ. ಅಂಗಡಿಯ ಕ್ಯಾಲೆಂಡರಿನಲ್ಲಿ, ಗುಡಿಯ ಗೋಡೆಯ ಮೇಲೆ, ಎರಡು ಕೈಗಳಿಂದ ಎದೆಯನ್ನು ಸೀಳಿ ಒಳಗಿರುವ ಸೀತಾರಾಮರನ್ನು ತೋರಿಸುತ್ತಿರುವ ಆತನ ಚಿತ್ರವನ್ನು ಕಾಣದ ಮಗುವಿಲ್ಲ. ಚಿರಂಜೀವಿಯಾದ್ದರಿಂದ ಆತನಿಗೆ ಅದು ನಡೆಯಿತು. ಉಳಿದವರ ಎದೆ ಮುಚ್ಚಿಯೇ ಇರುತ್ತದೆ. ಅದರೊಳಗೆ ಇರುವುದು ಪ್ರೀತಿಯೋ ಕಪಟವೋ ಎಂಬುದು ಹಾಗಿರಲಿ, ಕಾಯಿಲೆಯಿದೆಯೇ ಇಲ್ಲವೇ ಎಂಬುದನ್ನು ಅರಿಯುವುದಕ್ಕೂ ಮನುಷ್ಯನು ಬಹುಕಾಲ ಪರದಾಡಬೇಕಾಯಿತು.

ದೇಹದ ಇತರ ಅಂಗಗಳು ಇಷ್ಟು ಗುಟ್ಟಿನವಲ್ಲ. ಕಾಲಿಗೆ ಮುಳ್ಳು ಚುಚ್ಚಿ ಕೀವು ಕಟ್ಟಿದರೆ ನೋಡಿದವರಿಗೆಲ್ಲ ತಿಳಿಯುತ್ತದೆ. ಆ ಜಾಗ ಕೆಂಪಾಗುತ್ತದೆ, ಊದಿಕೊಳ್ಳುತ್ತದೆ; ಮುಟ್ಟಿದರೆ ಬಿಸಿ, ಮುಟ್ಟದಿದ್ದರೂ ನೋವು. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿಯೇ ರೋಮಿನ ಸೆಲ್ಸಸ್ ಎಂಬ ಗ್ರಂಥಕರ್ತನು ಈ ನಾಲ್ಕು ಲಕ್ಷಣಗಳನ್ನು ಒಂದೆಡೆ ಸೇರಿಸಿ ಬರೆದಿಟ್ಟನು. ವೈದ್ಯಶಾಸ್ತ್ರದ ಮಾತನ್ನು ಕನ್ನಡಕ್ಕೆ ತಂದವರು ಆ ನಾಲ್ಕರಲ್ಲಿ ಎರಡನ್ನು ಆರಿಸಿಕೊಂಡು, ಉರಿಯನ್ನೂ ಊತವನ್ನೂ ಕೂಡಿಸಿ, 'ಉರಿಯೂತ' ಎಂದರು. ಪದ ಚಿಕ್ಕದು, ಅರ್ಥ ಪೂರ್ಣವಾದುದು. ಗಂಟಲಿನ ಉರಿಯೂತ, ಕೀಲಿನ ಉರಿಯೂತ ಎಂದರೆ ಯಾರೂ ನಿಘಂಟನ್ನು ತೆರೆಯಬೇಕಾಗಿಲ್ಲ. ಆದರೆ ಅದೇ ಉರಿಯೂತವು ಹೃದಯದ ಮಾಂಸದಲ್ಲಿ ಆದಾಗ ಪರಿಸ್ಥಿತಿ ಬೇರೆ. ಅಲ್ಲಿಯ ಕೆಂಪು ಯಾರ ಕಣ್ಣಿಗೂ ಬೀಳದು. ಅಲ್ಲಿಯ ಬಿಸಿ ಯಾರ ಕೈಗೂ ತಾಕದು. ಊತವು ಪಕ್ಕೆಲುಬುಗಳ ಹಿಂದೆ ಅಡಗಿ ಕುಳಿತಿರುತ್ತದೆ. ಉಳಿಯುವುದು ನೋವೊಂದೇ. ಕೆಲವರಲ್ಲಿ ಅದೂ ಇರುವುದಿಲ್ಲ.

ಕವಿಗಳಿಗೆ ಹೃದಯವು ಭಾವದ ಮನೆ; ವೈದ್ಯರಿಗೆ ಅದು ದಿನಕ್ಕೆ ಸುಮಾರು ಒಂದು ಲಕ್ಷ ಸಲ ಹಿಗ್ಗಿ ಕುಗ್ಗುವ, ಮುಷ್ಟಿಯಷ್ಟು ಗಾತ್ರದ ಮಾಂಸದ ಚೀಲ. ಈ ಮಾಂಸಕ್ಕೆ ಉರಿಯೂತ ತರುವ ಶತ್ರುಗಳು ಹಲವರು. ಹಿಂದೆ ಗಂಟಲಮಾರಿಯ ವಿಷವು ಎಷ್ಟೋ ಮಕ್ಕಳ ಹೃದಯವನ್ನು ಕೆಡಿಸುತ್ತಿತ್ತು. ಇಂದು ಹೆಚ್ಚಾಗಿ ಇದಕ್ಕೆ ಕಾರಣವಾಗುವುವು ವೈರಸ್ಸುಗಳು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ, ಹಡ್ಸನ್ ನದಿಯ ದಂಡೆಯ ಮೇಲೆ, ಕಾಕ್ಸಾಕಿ ಎಂಬ ಸಣ್ಣ ಊರಿದೆ. ೧೯೪೦ರ ದಶಕದ ಕೊನೆಯಲ್ಲಿ ಅಲ್ಲಿಯ ಮಕ್ಕಳಲ್ಲಿ ಪತ್ತೆಯಾದ ವೈರಸ್ಸಿಗೆ ಊರಿನ ಹೆಸರೇ ಅಂಟಿಕೊಂಡಿತು. ಆ ಕುಲದ ಕೆಲವು ವೈರಸ್ಸುಗಳು ಹೃದಯದ ಮಾಂಸವನ್ನು ಹೊಗುವುದರಲ್ಲಿ ಕುಪ್ರಸಿದ್ಧವಾದುವು. ಡೆಂಗ್ಯೂ, ಫ್ಲೂ, ಕೋವಿಡ್ ಮೊದಲಾದ ಜ್ವರಗಳ ಬೆನ್ನಿಗೂ ಈ ಉಪದ್ರವ ಬರುವುದುಂಟು. ವೈರಸ್ಸು ಮಾಡುವ ಹಾನಿ ಒಂದು ಪಾಲಾದರೆ, ಅದನ್ನು ಅಟ್ಟಲು ನುಗ್ಗುವ ದೇಹದ ಸ್ವಂತ ಕಾವಲುಕಣಗಳು ಮಾಡುವ ಹಾನಿ ಇನ್ನೊಂದು ಪಾಲು. ಕಳ್ಳನನ್ನು ಹಿಡಿಯಲು ಮಾಡು ಹತ್ತಿದ ಊರವರು ಮನೆಯ ಹೆಂಚುಗಳನ್ನೆಲ್ಲ ತುಳಿದು ಒಡೆದ ಹಾಗೆ.

ಇಂಥ ಪ್ರಸಂಗವು ಮಧ್ಯಮವರ್ಗದ ಮನೆಯೊಂದರಲ್ಲಿ ಹೇಗೆ ಮೈದೋರುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ. ಮಗನಿಗೆ ಇಪ್ಪತ್ತನಾಲ್ಕು ವರ್ಷ. ಕೆಲಸ ಸಿಕ್ಕಿ ವರ್ಷವಾಗಿದೆ. ಬೀಡಿ ಸಿಗರೇಟುಗಳ ಚಟವಿಲ್ಲ. ಭಾನುವಾರ ಬೆಳಗ್ಗೆ ಮೈದಾನಕ್ಕೆ ಹೋಗಿ ಕ್ರಿಕೆಟ್ ಆಡುವುದೊಂದೇ ಹುಚ್ಚು. ಹಿಂದಿನ ವಾರ ಮೂರು ದಿನ ಜ್ವರ ಬಂದು ಹೋಗಿದೆ. ಒಂದು ರಾತ್ರಿ ಅವನು ಎದ್ದು ಕುಳಿತು, "ಅಮ್ಮಾ, ಎದೆ ಹಿಂಡಿದ ಹಾಗೆ ಆಗ್ತಾ ಇದೆ" ಎನ್ನುತ್ತಾನೆ.

"ಹೊತ್ತು ಹೊತ್ತಿಗೆ ಊಟ ಮಾಡೋದಿಲ್ಲ, ಗ್ಯಾಸ್ ಆಗಿರುತ್ತೆ ಕಣೋ. ಜೀರಿಗೆ ಕಷಾಯ ಮಾಡಿ ಕೊಡ್ತೀನಿ, ತಡಿ."

ಕಷಾಯಕ್ಕೆ ನೋವು ಬಗ್ಗುವುದಿಲ್ಲ. ಬೆಳಗಿನ ಜಾವಕ್ಕೆ ಆಸ್ಪತ್ರೆ. ಹೃದಯದ ವಿದ್ಯುತ್ತನ್ನು ಗೀಚುವ ಇ.ಸಿ.ಜಿ. ಕಾಗದದಲ್ಲಿ ಗೆರೆಗಳು ಏರುಪೇರಾಗಿವೆ. ರಕ್ತದಲ್ಲಿ ಟ್ರೋಪೋನಿನ್ ಎಂಬ ವಸ್ತು ಹೆಚ್ಚಿದೆ. ಹೃದಯದ ಮಾಂಸಕಣಗಳಿಗೆ ಪೆಟ್ಟಾದಾಗ ಅದು ರಕ್ತಕ್ಕೆ ಸೋರುತ್ತದೆ. ಇಷ್ಟನ್ನು ಕಂಡ ಮೇಲೆ ಎಲ್ಲರ ಬಾಯಿಗೂ ಬರುವ ಮಾತು ಒಂದೇ—ಹಾರ್ಟ್ ಅಟ್ಯಾಕ್. "ಇಪ್ಪತ್ನಾಲ್ಕು ವರ್ಷದ ಹುಡುಗನಿಗಾ, ಡಾಕ್ಟ್ರೇ?" ಎನ್ನುವ ತಂದೆಯ ಧ್ವನಿ ಅರ್ಧದಲ್ಲಿಯೇ ಒಡೆಯುತ್ತದೆ. ಕೂಡಲೇ ಆಂಜಿಯೋಗ್ರಾಮ್ ನಡೆಯುತ್ತದೆ. ಹೃದಯಕ್ಕೆ ರಕ್ತ ಒಯ್ಯುವ ನಾಳಗಳಿಗೆ ಬಣ್ಣದ ದ್ರವ ಹರಿಸಿ ತೆಗೆಯುವ ಚಿತ್ರವದು. ನಾಳಗಳೆಲ್ಲ ನಿರ್ಮಲ, ಎಲ್ಲಿಯೂ ತಡೆಯಿಲ್ಲ. ತಾಯಿ ಕೈಮುಗಿಯುತ್ತಾಳೆ. ಆದರೆ ವೈದ್ಯರ ಹಣೆಯ ಗೆರೆ ಸಡಿಲವಾಗುವುದಿಲ್ಲ. ನಾಳಗಳಲ್ಲಿ ತಡೆಯಿಲ್ಲವಾದರೆ ಈ ನೋವು ಎಲ್ಲಿಂದ ಬಂತು? ರಕ್ತಕ್ಕೆ ಸೋರಿದ್ದು ಹೇಗೆ?

ನೋವಿಗೆ ಸರಿಯಾದ ಹೆಸರು ಸಿಗದಿರುವುದು ಹೊಸ ತೊಂದರೆಯಲ್ಲ. ಹೃದಯಸ್ನಾಯುವಿನ ಉರಿಯೂತಕ್ಕೆ ಯೂರೋಪಿನ ವೈದ್ಯರು ಕೊಟ್ಟ 'ಮಯೋಕಾರ್ಡೈಟಿಸ್' ಎಂಬ ಹೆಸರು ೧೮೩೭ರಷ್ಟು ಹಳೆಯದು; ಜರ್ಮನಿಯ ಸೋಬರ್ನ್‌ಹೈಮ್ ಎಂಬ ವೈದ್ಯನು ಅದನ್ನು ಬಳಕೆಗೆ ತಂದನು. ಹೆಸರು ಸಿಕ್ಕಿದ್ದೇ ತಡ, ವೈದ್ಯರು ಅದನ್ನು ಮನಸ್ವಿಯಾಗಿ ಹಂಚತೊಡಗಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಮುದುಕರು ಹೃದಯದ ಯಾವ ಕಾಯಿಲೆಯಿಂದ ಸತ್ತರೂ ಮರಣಪತ್ರದಲ್ಲಿ ಈ ಹೆಸರನ್ನೇ ಬರೆಯುವುದು ರೂಢಿಯಾಗಿತ್ತು. ೧೯೧೨ರಲ್ಲಿ ಷಿಕಾಗೋದ ಜೇಮ್ಸ್ ಹೆರಿಕ್ ಎಂಬಾತನು ರಕ್ತನಾಳದಲ್ಲಿ ಹೆಪ್ಪು ಕಟ್ಟುವುದರಿಂದಾಗುವ ಹೃದಯಾಘಾತವನ್ನು ಬದುಕಿರುವ ರೋಗಿಯಲ್ಲಿಯೇ ಗುರುತಿಸಬಹುದೆಂದು ವಿವರಿಸಿದನು. ಮುಂದಿನ ದಶಕಗಳಲ್ಲಿ ಗಾಳಿ ತಿರುಗಿತು. ಅಂದು ಹೃದಯಾಘಾತವನ್ನೂ ಉರಿಯೂತವೆಂದರು. ಇಂದು ಉರಿಯೂತವನ್ನೂ ಹೃದಯಾಘಾತವೆನ್ನುತ್ತಾರೆ. ತಪ್ಪು ಹೆಸರಿನಿಂದ ಆಗುವ ಹಾನಿ ಸಣ್ಣದಲ್ಲ. ಹೃದಯಾಘಾತವೆಂದು ತಿಳಿದರೆ ತರುಣನು ಬೇಡದ ಮಾತ್ರೆಗಳನ್ನು ವರ್ಷಾನುಗಟ್ಟಲೆ ನುಂಗುತ್ತಾನೆ. ಗ್ಯಾಸ್ ಎಂದು ತಿಳಿದರೆ ಮುಂದಿನ ಭಾನುವಾರವೇ ಮೈದಾನಕ್ಕೆ ಓಡುತ್ತಾನೆ. ಉರಿಯುತ್ತಿರುವ ಹೃದಯದೊಡನೆ ಓಡುವುದು ಪ್ರಾಣಕ್ಕೆ ಅಪಾಯ. ತರುಣ ಕ್ರೀಡಾಪಟುಗಳ ಆಕಸ್ಮಿಕ ಮರಣಗಳ ಹಿಂದಿರುವ ಕಾರಣಗಳಲ್ಲಿ ಇದೂ ಒಂದು.

ಹಾಗಾದರೆ ಹೃದಯದೊಳಗೆ ಇಣುಕುವ ದಾರಿ ಯಾವುದು? ಮೊದಲು ಸಿಕ್ಕಿದ್ದು ಬಗೆಯುವ ದಾರಿಯೇ. ೧೯೬೨ರಲ್ಲಿ ಜಪಾನಿನ ಸಕಾಕಿಬಾರ ಮತ್ತು ಕೊನ್ನೊ ಎಂಬ ವೈದ್ಯರು, ರಕ್ತನಾಳದ ಮೂಲಕ ಸಣ್ಣ ಇಕ್ಕಳವನ್ನು ಹೃದಯದವರೆಗೆ ತಳ್ಳಿ, ಅದರ ಒಳಗೋಡೆಯಿಂದ ಸಾಸಿವೆಕಾಳಿನಷ್ಟು ಮಾಂಸವನ್ನು ಚಿವುಟಿ ತೆಗೆಯುವ ಉಪಾಯವನ್ನು ಪ್ರಕಟಿಸಿದರು. ಆ ಚೂರನ್ನು ಸೂಕ್ಷ್ಮದರ್ಶಕದ ಕೆಳಗೆ ಹೇಗೆ ಓದಬೇಕೆಂಬ ಬಗ್ಗೆ ವೈದ್ಯರಲ್ಲಿ ಒಮ್ಮತವಿರಲಿಲ್ಲ. ೧೯೮೬ರಲ್ಲಿ ಅಮೆರಿಕದ ತಜ್ಞರು ಡಲ್ಲಾಸ್ ನಗರದ ಹೆಸರಿನಲ್ಲಿ ಒಂದು ನಿಯಮಾವಳಿಯನ್ನು ರೂಪಿಸಿದರು. ವಿದ್ಯೆ ದೊಡ್ಡದು, ಆದರೆ ಅದರಲ್ಲೊಂದು ತೊಡಕಿತ್ತು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕೆಂದು ಅಡಿಗೆಮನೆಯ ಅನುಭವ. ಪಾತ್ರೆಯ ಅನ್ನವೆಲ್ಲ ಒಂದೇ ಹದದಲ್ಲಿ ಬೇಯುವುದರಿಂದ ಆ ಮಾತು ಸಲ್ಲುತ್ತದೆ. ಹೃದಯದ ಉರಿಯೂತ ಹಾಗಲ್ಲ. ಅದು ಅಲ್ಲಲ್ಲಿ ತೇಪೆತೇಪೆಯಾಗಿ ಹಬ್ಬುತ್ತದೆ. ಇಕ್ಕಳವು ಸಾಮಾನ್ಯವಾಗಿ ಚಿವುಟುವುದು ಬಲಭಾಗದಿಂದ. ಉರಿಯು ಹೆಚ್ಚಾಗಿ ಕೂರುವುದು ಎಡಭಾಗದ ಹೊರಗೋಡೆಯಲ್ಲಿ. ಆಯ್ದ ಅಗುಳು ಚೆನ್ನಾಗಿದ್ದರೂ ಪಾತ್ರೆಯ ಇನ್ನೊಂದು ಮೂಲೆ ಸೀದಿರಬಹುದು.

ಬಗೆಯದೆ ನೋಡುವ ದಾರಿ ಬಂದದ್ದು ವೈದ್ಯಶಾಲೆಯಿಂದಲ್ಲ, ಭೌತವಿಜ್ಞಾನಿಗಳ ಪ್ರಯೋಗಶಾಲೆಯಿಂದ. ಅದರ ಗುಟ್ಟು ನೀರಿನಲ್ಲಿದೆ. ಮನುಷ್ಯದೇಹದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ನೀರಿನ ಪ್ರತಿಯೊಂದು ಅಣುವಿನಲ್ಲಿಯೂ ಎರಡು ಜಲಜನಕ ಪರಮಾಣುಗಳುಂಟು. ಆ ಪರಮಾಣುವಿನ ಬೀಜವು ಅತಿ ಸೂಕ್ಷ್ಮವಾದ ಸೂಜಿಗಲ್ಲಿನಂತೆ ವರ್ತಿಸುತ್ತದೆ. ಬಲವಾದ ಅಯಸ್ಕಾಂತದ ನಡುವೆ ಇಟ್ಟಾಗ ಈ ಬೀಜಗಳು ಒಂದು ಶ್ರುತಿಗೆ ಹೊಂದಿಕೊಂಡು ಬುಗುರಿಯಂತೆ ತೊನೆಯುತ್ತವೆ. ತಂಬೂರಿಯಲ್ಲಿ ಒಂದೇ ಶ್ರುತಿಯ ಎರಡು ತಂತಿಗಳಲ್ಲಿ ಒಂದನ್ನು ಮೀಟಿದರೆ ಮುಟ್ಟದಿರುವ ಇನ್ನೊಂದೂ ನುಡಿಯುತ್ತದೆ. ಹಾಗೆಯೇ, ಬೀಜಗಳ ಶ್ರುತಿಗೆ ಸರಿಹೊಂದುವ ರೇಡಿಯೋ ಅಲೆಯನ್ನು ಕಳುಹಿಸಿದರೆ ಅವು ಅದನ್ನು ಹೀರಿಕೊಂಡು ಮರುನುಡಿಯುತ್ತವೆ. ಇದೇ ಅನುರಣನ. ೧೯೪೬ರಲ್ಲಿ ಅಮೆರಿಕದ ಬ್ಲಾಖ್ ಮತ್ತು ಪರ್ಸೆಲ್ ಇದನ್ನು ದ್ರವ ಮತ್ತು ಘನವಸ್ತುಗಳಲ್ಲಿ ತೋರಿಸಿದರು. ೧೯೫೨ರ ನೊಬೆಲ್ ಬಹುಮಾನ ಅವರಿಬ್ಬರಿಗೂ ಸಂದಿತು.

ಈ ಕಥೆಯಲ್ಲಿ ಬೆಂಗಳೂರಿಗೂ ಒಂದು ಪುಟವಿದೆಯೆಂಬುದು ಬಹಳ ಮಂದಿಗೆ ತಿಳಿಯದು. ೧೯೫೧ರಲ್ಲಿ ಭಾರತೀಯ ವಿಜ್ಞಾನ ಮಂದಿರದ ಜಿ. ಸೂರ್ಯನ್ ಅವರು, ನಿಂತ ದ್ರವದ ಬದಲು ನಳಿಕೆಯಲ್ಲಿ ಹರಿಯುವ ದ್ರವವನ್ನು ಪರೀಕ್ಷಿಸಿ, ಹರಿವಿಗೆ ತಕ್ಕಂತೆ ಬೀಜಗಳ ಮರುನುಡಿ ಬದಲಾಗುವುದನ್ನು ಕಂಡರು. ಸರ್ ಸಿ. ವಿ. ರಾಮನ್ ಸ್ಥಾಪಿಸಿದ್ದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಆ ಲೇಖನ ಅಚ್ಚಾಯಿತು. ದೇಹದಲ್ಲಿ ಹರಿಯುವ ರಕ್ತವನ್ನು ಇದೇ ಉಪಾಯದಿಂದ ಅಳೆಯುವ ಕಾಲ ಬಂದಾಗ, ಪರದೇಶದ ವಿದ್ವಾಂಸರು ತಮ್ಮ ಶಾಸ್ತ್ರದ ಮೂಲವನ್ನು ಹುಡುಕುತ್ತ ಆ ಹಳೆಯ ಪುಟಗಳಿಗೆ ಹಿಂದಿರುಗಿದರು.

ಮರುನುಡಿಯಿಂದ ಚಿತ್ರ ಬಿಡಿಸುವ ಬುದ್ಧಿ ಹೊಳೆದದ್ದು ಅಮೆರಿಕದ ಪಾಲ್ ಲಾಟರ್ಬರ್ ಅವರಿಗೆ. ೧೯೭೩ರಲ್ಲಿ ಅವರು ಪ್ರಕಟಿಸಿದ ಮೊದಲ ಚಿತ್ರದಲ್ಲಿದ್ದುದು ಯಾವ ಅಂಗವೂ ಅಲ್ಲ. ನೀರು ತುಂಬಿದ ಎರಡು ಸಣ್ಣ ನಳಿಕೆಗಳು. ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಆ ವಿದ್ಯೆಗೆ ವೇಗವನ್ನು ತಂದರು. ೨೦೦೩ರ ನೊಬೆಲ್ ಬಹುಮಾನವನ್ನು ಅವರಿಬ್ಬರೂ ಹಂಚಿಕೊಂಡರು. ೧೯೭೭ರ ಜುಲೈಯಲ್ಲಿ ರೇಮಂಡ್ ಡಮಾಡಿಯನ್ ಮತ್ತು ಅವರ ಶಿಷ್ಯರು ತಾವೇ ಕಟ್ಟಿದ ಯಂತ್ರದಲ್ಲಿ ಸಹೋದ್ಯೋಗಿಯೊಬ್ಬನನ್ನು ಕೂರಿಸಿ ತೆಗೆದ ಚಿತ್ರ ಎದೆಯದೇ. ಆ ಒಂದು ಚಿತ್ರಕ್ಕೆ ಹೆಚ್ಚುಕಡಿಮೆ ಐದು ಗಂಟೆ ಹಿಡಿಯಿತು. ಬಹುಮಾನ ತಮಗೂ ಸಲ್ಲಬೇಕಿತ್ತೆಂದು ಡಮಾಡಿಯನ್ ಮುಂದೆ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹಿರಾತು ಕೊಟ್ಟರು. ಎದೆಯೊಳಗಿನ ಉರಿಯನ್ನು ತೋರಿಸುವ ಯಂತ್ರವು ಹೊಟ್ಟೆಯೊಳಗಿನ ಉರಿಗೂ ಕಾರಣವಾಯಿತೆಂದು ವಿನೋದಪ್ರಿಯರು ಹೇಳಿಯಾರು.

ಐದು ಗಂಟೆಗಳ ಕಾಲ ಯಾವ ಹೃದಯವೂ ನಿಲ್ಲುವುದಿಲ್ಲ. ಫೋಟೋ ಸ್ಟುಡಿಯೋದವನು "ಅಲುಗಾಡಬೇಡಿ" ಎಂದರೆ ಮಗುವಾದರೂ ಒಂದು ಗಳಿಗೆ ಕೇಳೀತು, ಹೃದಯ ಕೇಳದು. ಆದ್ದರಿಂದ ಇಂದಿನ ಯಂತ್ರಗಳು ಹೃದಯದ ಲಯವನ್ನೇ ಅನುಸರಿಸುತ್ತವೆ. ರೋಗಿಯ ಎದೆಗೆ ಇ.ಸಿ.ಜಿ.ಯ ತಂತಿಗಳನ್ನು ಅಂಟಿಸಿ, ಪ್ರತಿ ಬಡಿತದ ಒಂದೇ ಕ್ಷಣದಲ್ಲಿ ಸಿಕ್ಕ ತುಣುಕುಗಳನ್ನು ಜೋಡಿಸಿ ಚಿತ್ರ ಮಾಡುತ್ತಾರೆ. ಉಸಿರಿನಿಂದಲೂ ಹೃದಯ ಅಲುಗುವುದರಿಂದ ಆಗಾಗ ಹತ್ತು ಹದಿನೈದು ಸೆಕೆಂಡು ಉಸಿರು ಹಿಡಿಯುವಂತೆ ಹೇಳುತ್ತಾರೆ. ಪರೀಕ್ಷೆ ಮುಗಿಯಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ರೋಗಿ ಮಲಗುವ ಸುರಂಗದ ಸುತ್ತಲಿನ ಅಯಸ್ಕಾಂತವು ಭೂಮಿಯ ಕಾಂತಶಕ್ತಿಗಿಂತ ಸುಮಾರು ಮೂವತ್ತು ಸಾವಿರ ಪಟ್ಟು ಬಲವುಳ್ಳದ್ದು. ಅದು ಬಳಸುವ ರೇಡಿಯೋ ಅಲೆ ಮನೆಯ ಎಫ್.ಎಂ. ಕೇಂದ್ರಗಳಿಗಿಂತ ಸ್ವಲ್ಪ ಕೆಳಗಿನ ಶ್ರುತಿಯದು. ಎಕ್ಸ್-ಕಿರಣದ ಸೋಂಕು ಇದರಲ್ಲಿಲ್ಲ. ಸದ್ದು ಮಾತ್ರ ವಿಪರೀತ. ಗರಣೆಯ ಬಡಿತವೋ ಕಬ್ಬಿಣದಂಗಡಿಯ ಕುಟ್ಟಾಟವೋ ಎಂಬಂಥ ಆ ಶಬ್ದಕ್ಕೆ ಕಿವಿಗೆ ಬಿರಡೆ ಕೊಟ್ಟಿರುತ್ತಾರೆ.

ಕೋಣೆಯನ್ನು ಹೊಗುವ ಮುನ್ನ ಲೋಹದ ವಸ್ತುಗಳನ್ನೆಲ್ಲ ತೆಗೆದಿಡಬೇಕು. ಗಡಿಯಾರ, ಬಳೆ, ಉಂಗುರಗಳು ಸುಲಭವಾಗಿ ಕಳಚುತ್ತವೆ. ತಾಳಿಯ ಸರದಿ ಬಂದಾಗ ಗೃಹಿಣಿಯ ಕೈ ತಡೆಯುತ್ತದೆ. ಗಂಡನ ಮುಖ ನೋಡುತ್ತಾಳೆ, ಅತ್ತೆಯ ಮುಖ ನೋಡುತ್ತಾಳೆ. ಕೊನೆಗೆ ಯಾರೋ ಹಿರಿಯರು ನೂಲಿನ ದಾರಕ್ಕೆ ಅರಿಸಿನದ ಕೊಂಬನ್ನು ಕಟ್ಟಿ ಕೊರಳಿಗೆ ಹಾಕಿದ ಮೇಲೆ ಸಮಾಧಾನವಾಗುತ್ತದೆ. ಅರಿಸಿನದ ಕೊಂಬಿಗೂ ಅಯಸ್ಕಾಂತಕ್ಕೂ ವಿರೋಧವಿಲ್ಲ, ಪರೀಕ್ಷೆ ಸಾಗುತ್ತದೆ.

ಹೀಗೆ ಸಿಕ್ಕ ಚಿತ್ರದಲ್ಲಿ ವೈದ್ಯರು ಮುಖ್ಯವಾಗಿ ಹುಡುಕುವುದು ಎರಡು ಸಂಗತಿಗಳನ್ನು. ಮೊದಲನೆಯದು ಊತ. ಊತವೆಂದರೆ ನೀರು. ರೇಡಿಯೋ ಅಲೆ ನಿಂತ ಮೇಲೆ ಬೀಜಗಳ ಮರುನುಡಿ ಕ್ರಮೇಣ ಅಡಗುತ್ತದೆ. ಆರೋಗ್ಯವಂತ ಹೃದಯದ ಮಾಂಸದಲ್ಲಿ ಈ ಅಡಗುವಿಕೆಯ ಒಂದು ಅಳತೆ ಸುಮಾರು ೫೦ ಮಿಲಿಸೆಕೆಂಡು. ನೀರು ತುಂಬಿ ಊದಿದ ಕಡೆ ಅದು ತುಸು ದೀರ್ಘವಾಗುತ್ತದೆ. ಸೆಕೆಂಡಿನ ನೂರರಲ್ಲೊಂದು ಪಾಲಿನ ಆ ವ್ಯತ್ಯಾಸವೇ ಚಿತ್ರದಲ್ಲಿ ಬೆಳಕಾಗಿ ಕಾಣುತ್ತದೆ. ಕನ್ನಡದ ಪದಕರ್ತನು ಹೆಸರಿನಲ್ಲಿಯೇ ಇರಿಸಿದ್ದ 'ಊತ'ವನ್ನು ಯಂತ್ರವು ಹೀಗೆ ಕಣ್ಣೆದುರಿಗೆ ತಂದಿಟ್ಟಿತು.

ಎರಡನೆಯದು ಗಾಯ. ಇದಕ್ಕಾಗಿ ತೋಳಿನ ನಾಳಕ್ಕೆ ಗ್ಯಾಡೊಲಿನಿಯಂ ಎಂಬ ಧಾತುವಿನ ಸಂಯುಕ್ತವೊಂದನ್ನು ಚುಚ್ಚುತ್ತಾರೆ. ಅದು ರಕ್ತದೊಡನೆ ಹೃದಯಕ್ಕೆ ಬರುತ್ತದೆ, ಆದರೆ ಜೀವಂತ ಮಾಂಸಕಣದ ಬಾಗಿಲನ್ನು ದಾಟಲಾರದು. ಕಣಗಳ ನಡುವಿನ ಓಣಿಗಳಲ್ಲಿ ಸುತ್ತಿ ಬೇಗ ಹೊರಟುಹೋಗುತ್ತದೆ. ಕಣಗಳು ಒಡೆದು ಬಿದ್ದ ಕಡೆ, ಅಥವಾ ಗಾಯ ಮಾಗಿ ಕಲೆಯಾದ ಕಡೆ, ಓಣಿ ಅಗಲವಾಗಿರುತ್ತದೆ. ಹಾಳುಮನೆಯ ಅಂಗಳದಲ್ಲಿ ಮಳೆನೀರು ನಿಂತಂತೆ ಆ ದ್ರವ ಅಲ್ಲಿ ನಿಲ್ಲುತ್ತದೆ. ಹತ್ತು ಹದಿನೈದು ನಿಮಿಷ ಕಾದು ಚಿತ್ರ ತೆಗೆದರೆ ಆರೋಗ್ಯದ ಮಾಂಸ ಕಪ್ಪಾಗಿ, ಗಾಯದ ಜಾಗ ಬೆಳ್ಳಗೆ ಕಾಣುತ್ತದೆ.

ಆ ಬಿಳುಪು ಎಲ್ಲಿದೆ ಎಂಬುದೇ ತರುಣನ ತಂದೆಯ ಪ್ರಶ್ನೆಗೆ ಉತ್ತರ. ಹೃದಯಕ್ಕೆ ರಕ್ತವೀಯುವ ನಾಳಗಳು ಅದರ ಹೊರಮೈ ಮೇಲೆ ಹರಿದು ಒಳಕ್ಕೆ ಕವಲೊಡೆಯುತ್ತವೆ. ಗೋಡೆಯ ಒಳಪದರಕ್ಕೆ ರಕ್ತ ಮುಟ್ಟುವುದು ಕೊನೆಗೆ. ಕಾಲುವೆಗೆ ನೀರು ನಿಂತರೆ ಮೊದಲು ಒಣಗುವುದು ಕೊನೆಯಂಚಿನ ಗದ್ದೆಯೆಂಬುದನ್ನು ಮಂಡ್ಯದ ರೈತನಿಗೆ ಹೇಳಿಕೊಡಬೇಕಾಗಿಲ್ಲ. ಹೃದಯಾಘಾತದಲ್ಲಿ ಹೀಗೆಯೇ ಗಾಯವು ಒಳಪದರದಿಂದ ಆರಂಭವಾಗುತ್ತದೆ. ಉರಿಯೂತಕ್ಕಾದರೋ ಕಾಲುವೆಯ ಹಂಗಿಲ್ಲ. ಪೈರಿಗೆ ಬಿದ್ದ ರೋಗದಂತೆ ಅದು ಅಲ್ಲಲ್ಲಿ, ಹೆಚ್ಚಾಗಿ ಗೋಡೆಯ ಹೊರಪದರದಲ್ಲಿ ಅಥವಾ ನಡುವಿನಲ್ಲಿ, ಒಳಪದರವನ್ನು ಬಿಟ್ಟು ಹಬ್ಬುತ್ತದೆ. ಒಂದೇ ನೋವು, ಒಂದೇ ರಕ್ತಪರೀಕ್ಷೆ. ಚಿತ್ರದಲ್ಲಿ ಮಾತ್ರ ಎರಡು ಕಾಯಿಲೆಗಳು ಬೇರೆ ಬೇರೆಯಾಗಿ ನಿಲ್ಲುತ್ತವೆ.

ಇಷ್ಟು ತಿಳಿವಳಿಕೆ ಒಂದು ದಿನದಲ್ಲಿ ಬಂದದ್ದಲ್ಲ. ೧೯೯೮ರಲ್ಲಿ ಬರ್ಲಿನ್ನಿನ ಮಥಿಯಾಸ್ ಫ್ರೀಡ್ರಿಶ್ ಮತ್ತು ಸಂಗಡಿಗರು, ಉರಿಯು ಮೊದಲು ಒಂದೆಡೆ ಕಾಣಿಸಿಕೊಂಡು ಎರಡು ವಾರಗಳಲ್ಲಿ ಹರಡುವುದನ್ನು ಈ ಚಿತ್ರಗಳಲ್ಲಿ ಕಂಡರು. ೨೦೦೪ರಲ್ಲಿ ಷ್ಟುಟ್‌ಗಾರ್ಟಿನ ವೈದ್ಯರು ೩೨ ರೋಗಿಗಳ ಚಿತ್ರ ತೆಗೆದರು. ೨೮ ಮಂದಿಯಲ್ಲಿ ಬಿಳುಪು ಕಂಡಿತು. ಅನಂತರ ಹೃದಯದ ಚೂರುಗಳನ್ನು ತೆಗೆದು ನೋಡಿದರು. ಬಿಳುಪಿದ್ದ ಜಾಗದಿಂದಲೇ ಚೂರು ತೆಗೆಯಲು ಸಾಧ್ಯವಾದ ೨೧ ಮಂದಿಯಲ್ಲಿ ೧೯ ಮಂದಿಗೆ ಉರಿಯೂತ ಖಚಿತವಾಯಿತು. ಬೇರೆ ಜಾಗದಿಂದ ತೆಗೆಯಬೇಕಾಗಿ ಬಂದ ೧೧ ಮಂದಿಯಲ್ಲಿ ಅದು ಕಂಡದ್ದು ಒಬ್ಬನಲ್ಲಿ ಮಾತ್ರ. ಅಗುಳನ್ನು ಎಲ್ಲಿಂದ ತೆಗೆಯಬೇಕೆಂಬುದನ್ನು ಚಿತ್ರವು ತೋರಿಸಿಕೊಟ್ಟಿತ್ತು. ೨೦೦೬ರಲ್ಲಿ ಕೆನಡಾದ ಬೆಟ್ಟಗಳ ನಡುವಣ ಲೇಕ್ ಲೂಯಿಸ್ ಎಂಬಲ್ಲಿ ತಜ್ಞರು ಸಭೆ ಸೇರಿ, ಚಿತ್ರದಲ್ಲಿ ಏನೇನು ಕಂಡರೆ ಉರಿಯೂತವೆನ್ನಬೇಕೆಂದು ಚರ್ಚಿಸಿದರು. ಅವರ ನಿಯಮಗಳು ೨೦೦೯ರಲ್ಲಿ ಪ್ರಕಟವಾಗಿ, ೨೦೧೮ರಲ್ಲಿ ಪರಿಷ್ಕರಣಗೊಂಡು, ಆ ಸರೋವರದ ಹೆಸರಿನಿಂದಲೇ ಪ್ರಸಿದ್ಧವಾಗಿವೆ. ಊತದ ಗುರುತೊಂದು, ಗಾಯದ ಗುರುತೊಂದು, ಎರಡೂ ಸೇರಿದರೆ ಸಾಕ್ಷ್ಯ ಬಲವಾಗುತ್ತದೆಂಬುದು ಅವುಗಳ ಸಾರ.

ಆದರೆ ನೋಡುವ ಶಕ್ತಿ ಹೆಚ್ಚಿದಾಗ ನೋಡುವವನ ಚಿಂತೆಯೂ ಹೆಚ್ಚುತ್ತದೆ. ಕೋವಿಡ್ ಹಬ್ಬಿದ್ದ ಕಾಲದಲ್ಲಿ ಅಮೆರಿಕದ 'ಬಿಗ್ ಟೆನ್' ವಿಶ್ವವಿದ್ಯಾನಿಲಯಗಳು, ಆ ಸೋಂಕು ತಗಲಿ ಗುಣವಾದ ತಮ್ಮ ಆಟಗಾರರ ಹೃದಯಗಳನ್ನು ಪರೀಕ್ಷಿಸಿದುವು. ಎಂ.ಆರ್.ಐ. ಮಾಡಿಸಿಕೊಂಡ ೧,೫೯೭ ಮಂದಿಯಲ್ಲಿ ೩೭ ಮಂದಿಗೆ ಉರಿಯೂತವಿದೆಯೆಂದು ೨೦೨೧ರ ವರದಿ ಹೇಳಿತು. ನೋವು ನಿಶ್ಶಕ್ತಿಗಳನ್ನು ಹೇಳಿಕೊಂಡವರನ್ನಷ್ಟೇ ಪರೀಕ್ಷಿಸಿದ್ದರೆ ಸಿಗುತ್ತಿದ್ದವರು ಐವರು. ಉಳಿದವರು ತಮಗೇನೂ ಆಗಿಲ್ಲವೆಂದೇ ನಂಬಿದ್ದರು. ಅವರು ರೋಗಿಗಳೇ, ಅಲ್ಲವೇ? ಯಂತ್ರ ಕಾಣದಿದ್ದರೆ ಆ ಚುಕ್ಕೆ ತಾನಾಗಿಯೇ ಮಾಯುತ್ತಿತ್ತೇ, ಅಥವಾ ಮೈದಾನದ ನಡುವೆ ಒಬ್ಬನನ್ನು ಕೆಡವುತ್ತಿತ್ತೇ? ವೈದ್ಯರಲ್ಲಿ ಇದರ ಬಗ್ಗೆ ವಾದ ನಡೆಯಿತು. ಚಿತ್ರವೊಂದನ್ನೇ ನೋಡಿ ತೀರ್ಪು ಕೊಡಬಾರದು. ರೋಗಿಯ ಮಾತು, ರಕ್ತಪರೀಕ್ಷೆ, ಹೃದಯದ ಬಡಿತ ಇವುಗಳ ಜೊತೆಯಲ್ಲಿಟ್ಟು ಓದಬೇಕು ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯ ಕಡಿಮೆ.

ಯಂತ್ರಕ್ಕೆ ತನ್ನವೇ ಆದ ಮಿತಿಗಳೂ ಉಂಟು. ಊತವನ್ನು ಅದು ತೋರಿಸುತ್ತದೆ. ತಂದ ವೈರಸ್ಸು ಯಾವುದೆಂದು ಹೇಳುವುದಿಲ್ಲ. ದಿನಗಳು ಉರುಳಿ ಊತ ಇಳಿದ ಮೇಲೆ ಹೋದರೆ ಉತ್ತರ ಮಸುಕಾಗುತ್ತದೆ. ಉಸಿರು ಹಿಡಿಯಲಾರದಷ್ಟು ಬಳಲಿದವರಿಗೆ ಸುರಂಗದಲ್ಲಿ ಒಂದು ಗಂಟೆ ಮಲಗುವುದು ಆಗದ ಮಾತು. ಮೂತ್ರಪಿಂಡಗಳು ತೀರ ಕೆಟ್ಟವರಿಗೆ ಗ್ಯಾಡೊಲಿನಿಯಂ ಕೊಡುವಾಗ ಎಚ್ಚರ ಬೇಕು. ಕಾಯಿಲೆ ಭರದಿಂದ ಹೃದಯವನ್ನು ಕುಸಿಯುವಂತೆ ಮಾಡುತ್ತಿರುವಾಗ ಹಳೆಯ ಇಕ್ಕಳವೇ ಇಂದಿಗೂ ಬೇಕಾಗುತ್ತದೆ. ಯಾವ ಬಗೆಯ ಕಣಗಳು ಮುತ್ತಿವೆಯೆಂಬುದನ್ನು ಮಾಂಸದ ಚೂರು ಮಾತ್ರ ಹೇಳಬಲ್ಲದು, ಔಷಧಿ ಅದನ್ನೇ ಅವಲಂಬಿಸಿರುತ್ತದೆ. ಎಲ್ಲಕ್ಕಿಂತ ದೊಡ್ಡ ಮಿತಿ ದೂರ ಮತ್ತು ದುಡ್ಡು. ಹೃದಯದ ಚಿತ್ರ ತೆಗೆದು ಓದಬಲ್ಲವರು ದೊಡ್ಡ ನಗರಗಳಲ್ಲಿಯೇ ಹೆಚ್ಚು. ತಾಲ್ಲೂಕಿನ ಆಸ್ಪತ್ರೆಯಲ್ಲಿ ಎದೆ ಹಿಡಿದುಕೊಂಡು ಕುಳಿತವನಿಗೆ ಕಾಂತವೂ ದೂರ, ತಜ್ಞರೂ ದೂರ.

ಹೆಸರು ಗೊತ್ತಾದ ಮೇಲೆ ಮಾಡುವುದೇನು? ಬಹಳ ಮಂದಿಗೆ ಚಿಕಿತ್ಸೆಯ ದೊಡ್ಡ ಭಾಗವೆಂದರೆ ವಿಶ್ರಾಂತಿ. ಮೂರರಿಂದ ಆರು ತಿಂಗಳು ಓಟ ಆಟಗಳಿಂದ ದೂರವಿರಬೇಕೆಂದು ವೈದ್ಯರು ಹೇಳುತ್ತ ಬಂದ ವಾಡಿಕೆ. ಇತ್ತೀಚೆಗೆ ರೋಗಿಯ ಸ್ಥಿತಿ ನೋಡಿ ಆ ಅವಧಿಯನ್ನು ನಿರ್ಧರಿಸುವುದುಂಟು. ಕೇಳಲು ಸುಲಭ, ಪಾಲಿಸಲು ಕಷ್ಟ. ೨೦೨೨ರ ಜನವರಿಯಲ್ಲಿ ಕೆನಡಾದ ಪ್ರಸಿದ್ಧ ಫುಟ್‌ಬಾಲ್ ಆಟಗಾರ ಅಲ್ಫಾನ್ಸೊ ಡೇವಿಸ್‌ನಿಗೆ, ಕೋವಿಡ್ ಬಂದು ಹೋದ ಮೇಲೆ ನಡೆದ ತಪಾಸಣೆಯಲ್ಲಿ, ಹೃದಯದ ಉರಿಯೂತದ ಸೌಮ್ಯ ಲಕ್ಷಣಗಳು ಕಂಡುಬಂದುವು. ಆತನಿಗಾಗ ಇಪ್ಪತ್ತೊಂದು ವರ್ಷ. ಬಯರ್ನ್ ಮ್ಯೂನಿಕ್ ತಂಡವು ಅವನನ್ನು ಮೈದಾನದಿಂದ ದೂರವಿಟ್ಟಿತು. ಮಾರ್ಚಿಯಲ್ಲಿ ಕೆನಡಾ ಪುರುಷರ ತಂಡವು ೧೯೮೬ರ ತರುವಾಯ ಮೊದಲ ಬಾರಿಗೆ ವಿಶ್ವಕಪ್ಪಿಗೆ ಅರ್ಹತೆ ಪಡೆದಾಗ, ಆ ತಂಡದ ಕಣ್ಮಣಿಯಾದ ಅವನು ಸಾವಿರಾರು ಮೈಲಿ ದೂರದಲ್ಲಿ ಪರದೆಯ ಮುಂದೆ ಕುಳಿತು ಕಣ್ಣೀರು ಸುರಿಸಿದನು. ಏಪ್ರಿಲಿನಲ್ಲಿ ಮತ್ತೆ ಕಣಕ್ಕಿಳಿದನು. ನವೆಂಬರಿನಲ್ಲಿ ವಿಶ್ವಕಪ್ಪಿನ ಪಂದ್ಯದಲ್ಲಿ, ಆ ಕೂಟದ ಇತಿಹಾಸದಲ್ಲಿಯೇ ಕೆನಡಾ ಪುರುಷರ ಮೊದಲ ಗೋಲು ಅವನ ತಲೆಯಿಂದ ಚಿಮ್ಮಿತು.

ಮ್ಯೂನಿಕ್ಕಿನ ಆಟಗಾರನಿಗೆ ಕಾವಲಾಗಿ ತಂಡದ ವೈದ್ಯರಿದ್ದರು. ಸಾಮಾನ್ಯರ ಮನೆಯ ಹುಡುಗನಿಗೆ ಕಾವಲು ತಾಯಿತಂದೆಗಳೇ. ಎರಡು ವಾರ ಕಳೆಯುವಷ್ಟರಲ್ಲಿ ಅವನ ಮುಖಕ್ಕೆ ಕಳೆ ಬರುತ್ತದೆ, ಹಸಿವು ಹಿಂದಿರುಗುತ್ತದೆ. ಬಂದ ನೆಂಟರು "ಚೆನ್ನಾಗಿಯೇ ಇದ್ದಾನಲ್ಲ, ಸುಮ್ಮನೆ ಯಾಕೆ ಕೂಡಿಹಾಕಿದ್ದೀರಿ?" ಎನ್ನುತ್ತಾರೆ. ಗೆಳೆಯರು ಬ್ಯಾಟು ಹಿಡಿದು ಬಾಗಿಲಿಗೆ ಬರುತ್ತಾರೆ. ಆಗ ತಾಯಿಯ ಪಕ್ಷದಲ್ಲಿ ನಿಂತು ಸಾಕ್ಷಿ ಹೇಳುವುದು ಆ ಕಪ್ಪುಬಿಳುಪಿನ ಚಿತ್ರವೊಂದೇ. ಹೊರಗೆ ಕಾಣದ ಗಾಯ ಒಳಗೆ ಇನ್ನೂ ಹಸಿಯಾಗಿದೆಯೆಂದು ಅದು ತೋರಿಸುತ್ತದೆ.

ಕೆಲವು ತಿಂಗಳ ಮೇಲೆ ಚಿತ್ರವನ್ನು ಮತ್ತೊಮ್ಮೆ ತೆಗೆಸುವುದುಂಟು. ಬಿಗ್ ಟೆನ್ ಆಟಗಾರರಲ್ಲಿ ಹಾಗೆ ತೆಗೆಸಿಕೊಂಡವರು ೨೭ ಮಂದಿ. ಅವರೆಲ್ಲರಲ್ಲಿಯೂ ಊತ ಇಳಿದಿತ್ತು. ಬಿಳಿಯ ಗುರುತು ಪೂರ್ತಿ ಅಳಿಸಿಹೋಗಿದ್ದುದು ೧೧ ಮಂದಿಯಲ್ಲಿ. ಉಳಿದವರ ಹೃದಯಗಳು ಬಡಿಯುತ್ತಲೇ ಇದ್ದುವು, ಗುರುತೂ ಉಳಿದಿತ್ತು. ಅಂಥವರಿಗೆ ವೈದ್ಯರು ಹೆದರಿಸುವ ಮಾತನ್ನಾಡುವುದಿಲ್ಲ. ವರ್ಷ ವರ್ಷ ಬಂದು ತೋರಿಸಿಕೊಂಡು ಹೋಗಿ ಎನ್ನುತ್ತಾರೆ.